ನಂಬರಿಲ್ಲದ ಅಧ್ಯಕ್ಷೆ

ತಗಡಿನ ಸದ್ದು ಕೇಳಿದರೆ ಈಗಲೂ ನನಗೆ ಮುತ್ತಂಗದ ಕಾಡಂಚಿನ ಆದಿವಾಸಿ ಹಾಡಿಗೆ ಆನೆ ನುಗ್ಗಿದ ಬೆಳಗು ಕಣ್ಣಿಗೆ ಬರುತ್ತದೆ. ಪಂಚಾಯತಿ ಗುಮಾಸ್ತನಾಗಿ ನಾನು ಅಲ್ಲಿಗೆ ಸಭೆಗೆ ಹೋಗಿದ್ದೆ. ಅಂಗನವಾಡಿಯ ತಗಡಿನ ಬೇಲಿ ಮುರಿಯುತ್ತಿದ್ದರೂ ನನ್ನ ಕಾಲು ಏಳಲಿಲ್ಲ. ಆಗಿನ ಅಧ್ಯಕ್ಷರು ಆಸ್ಪತ್ರೆಯಲ್ಲಿದ್ದುದರಿಂದ ಅದೇ ಹಾಡಿಯ ಉಪಾಧ್ಯಕ್ಷೆ ಕೆಲವು ವಾರ ಅಧಿಕಾರ ವಹಿಸಿಕೊಂಡಿದ್ದರು. ಮಕ್ಕಳನ್ನೂ ನನ್ನನ್ನೂ ಹಿಂಬಾಗಿಲಿನಿಂದ ಹೊರಗೆ ದಬ್ಬಿ, ಎಲ್ಲರಿಗಿಂತ ಕೊನೆಗೆ ಹೊರಬಂದವರು ಅವರೇ.

ಮೊನ್ನೆ ಕಚೇರಿಯ ಗೋಡೆಯ ಮೇಲೆ ಅಧ್ಯಕ್ಷರ ಫಲಕ ಬರೆಯಲು ಪೇಂಟರ್ ಬಂದ. ಅವನು ಬರೆದ ಪ್ರತಿ ಹೆಸರಿಗೂ ಒಂದು ನಂಬರ್ ಇತ್ತು, ಆ ಉಪಾಧ್ಯಕ್ಷೆಯ ಹೆಸರೇ ಇರಲಿಲ್ಲ. ಈಗಿನ ಅಧ್ಯಕ್ಷರನ್ನು ಕೇಳಿದೆ.

"ಅವರು ಚಾರ್ಜಲ್ಲಿ ಇದ್ದದ್ದಷ್ಟೇ ಸಾರೇ. ಸೇರಿಸಿದ್ರೆ ಏಳನೇ ಅಧ್ಯಕ್ಷ ನಾನು ಎಂಟನೆಯವನಾಗ್ತೀನಿ. ಶಂಕುಸ್ಥಾಪನೆ ಕಲ್ಲಲ್ಲೆಲ್ಲ ಏಳು ಅಂತ ಕೆತ್ಸಿದೀನಲ್ಲ!"

ಏನೋ ಕೆಲಸಕ್ಕೆ ಬಂದು ಬೆಂಚಿನ ಮೇಲೆ ಕೂತಿದ್ದ ಆ ಉಪಾಧ್ಯಕ್ಷೆಯೇ ನಕ್ಕರು. "ಪ್ರಸಿಡೆಂಟೇ, ನಮ್ಮ ಹಾಡೀಲಿ ಹೊಸ ಅಕ್ಕಿ ಬೆಂದಾಗ, ಯಜಮಾನಿಕೆ ಕೋಲು ಹಿಡಿದು ತೀರಿಹೋದವರನ್ನೆಲ್ಲ ಹೆಸರು ಹೇಳಿ ಕರೆದು ಎಲೆ ಹಾಕ್ತೀವಿ. ಒಂದೇ ದಿನ ಹಿಡಿದವನಿಗೂ ಎಲೆ ಉಂಟು. ನಂಬರ್ ಯಾರಿಗೂ ಇಲ್ಲ."

"ಒಬ್ಬರನ್ನ ಮರೆತ್ರೆ?" ಅಧ್ಯಕ್ಷರು ಕೇಳಿದರು.

"ಕನಸಲ್ಲಿ ಬಂದು ಬೈತಾರೆ. ನಾನೂ ಬರ್ತೀನಿ, ನೋಡಿ!"

ಎಲ್ಲರೂ ನಕ್ಕರು. ನನಗೆ ಮಾತ್ರ ನಗು ಬರಲಿಲ್ಲ. "ಹಾಗಾದ್ರೆ ಆನೆ ಬಂದ ದಿನ ಈ ಪಂಚಾಯತಿಗೆ ಅಧ್ಯಕ್ಷರೇ ಇರಲಿಲ್ವಾ?" ಎಂದೆ.

ಅಧ್ಯಕ್ಷರು ಫಲಕದತ್ತ ತಿರುಗಿದರು. "ನಂಬರೆಲ್ಲ ಅಳಿಸಪ್ಪಾ," ಎಂದು ಪೇಂಟರಿಗೆ ಹೇಳಿದರು. "ಹೆಸರು, ವರ್ಷ ಸಾಕು. ಅಕ್ಕನ ಹೆಸರೂ ಬರಿ."

ಅವನು ಬಣ್ಣದ ಡಬ್ಬಿಯ ತಗಡಿನ ಮುಚ್ಚಳ ಎಬ್ಬಿಸಿದ ಸದ್ದಿಗೆ ನಾನು ಬೆಚ್ಚಿದೆ. ಆದರೂ ಅವರ ಹೆಸರು ಒಣಗುವವರೆಗೆ ಅಲ್ಲೇ ನಿಂತಿದ್ದೆ.