ಸೀಟಿ ಜಯಮಾಲಾ ಮತ್ತು ಸರದಾರನ ಎಂಟು ದಿನ

ಝಳಕಿ ದಾಟಿ ಇಂಡಿ ದಾರಿಗೆ ಹೊರಳಿದರೆ ನಿಂಬೆ ತೋಟಗಳ ನಡುವೆ ನಮ್ಮ ಊರು. ಈ ಊರಿನ ನಲವತ್ತು ದಾಟಿದ ಗಂಡಸರಲ್ಲಿ ಒಂದು ವಿಶೇಷವಿದೆ. ಬಸ್ಸಿನ ಕಂಡಕ್ಟರ್ ಸೀಟಿ ಊದಲಿ, ಕಬಡ್ಡಿ ರೆಫರಿ ಊದಲಿ, ಪಕ್ಕದ ಮನೆಯ ಕುಕ್ಕರ್ ಕೂಗಲಿ, ಇವರು ಕೂತಲ್ಲಿಂದ ತಟ್ಟನೆ ಎದ್ದು ನಿಂತು ಧೋತರ ಸರಿಪಡಿಸಿಕೊಳ್ಳುತ್ತಾರೆ. ಹೊರಗಿನವರು ನೋಡಿದರೆ, ಎಂಥ ಶಿಸ್ತಿನ ಊರಪ್ಪ ಎಂದುಕೊಳ್ಳಬೇಕು. ಅದು ಶಿಸ್ತಲ್ಲ. ಜಯಮಾಲಾಬಾಯಿ.

ಪಂಚಾಯಿತಿಯ ಸ್ವಚ್ಛತಾ ಪ್ರೇರಕಿಯಾಗಿ ಜಯಮಾಲಾಬಾಯಿ ಇಪ್ಪತ್ತೆರಡು ವರ್ಷ ಈ ಊರಿನ ಮೇಲೆ ದಂಡೆತ್ತಿ ಹೋದಳು. ಬೆಳಗಿನ ಐದಕ್ಕೆ ಹಳ್ಳದ ದಂಡೆಯಲ್ಲಿ ಹಾಜರು. ಕೊರಳಲ್ಲಿ ಉಕ್ಕಿನ ಸೀಟಿ, ಕೈಯಲ್ಲಿ ಬ್ಯಾಟರಿ. ಬಾಯಲ್ಲಿ ಬೇವಿನ ಕಡ್ಡಿ ಕಚ್ಚಿ, ಕೈಯಲ್ಲಿ ತಂಬಿಗೆ ಹಿಡಿದು, ಜಾಲಿ ಕಂಟಿಯ ಮರೆ ಹುಡುಕುತ್ತ ಬಂದವನು ಇನ್ನೇನು ಕೂತ ಎನ್ನುವಷ್ಟರಲ್ಲಿ ಪೀಽಽ ಎಂದು ಊದುವಳು. ಅವನು ಎದ್ದು ಓಡಿದರೆ ಬೆನ್ನಟ್ಟುವವಳಲ್ಲ. ಓಡಲಾಗದೆ ನಿಂತವನ ಎದುರಿಗೆ ಹೋಗಿ, ಕೊರಳಿಗೊಂದು ಚೆಂಡು ಹೂವಿನ ಮಾಲೆ ಹಾಕಿ, ಬಹಳ ಮೆತ್ತಗೆ ಕೇಳುವಳು: "ಏನ್ರಿ, ಆರಾಮಾ?" ಆ ಎರಡು ಶಬ್ದ ಕೇಳಿದವರು ಅವತ್ತೇ ಗೌಂಡಿಯನ್ನು ಕರೆಸಿ ಸಂಡಾಸದ ಗುಂಡಿ ತೋಡಿಸಿದ್ದುಂಟು. ನನಗೂ ಎರಡು ಸಲ ಮಾಲೆ ಬಿದ್ದಿದೆ. ವಿವರ ಬೇಡ.

ಕೊನೆಗೆ ಉಳಿದವನು ಟೇಲರ್ ಮಲ್ಲಣ್ಣ ಒಬ್ಬನೇ. ಅವನ ಮನೆಯಲ್ಲಿ ಚೆಂದದ ಸಂಡಾಸವಿತ್ತು. ಅದರೊಳಗೆ ಸಗಣಿಯ ಕುಳ್ಳು ಒಟ್ಟಿದ್ದ. "ಮಳ್ಯಾಗ ತೋಯ್ದ್ರ ಒಲಿ ಹತ್ತೂದಿಲ್ರಿ ಬಾಯಾರ" ಎನ್ನುತ್ತಿದ್ದ. ಒಂಬತ್ತು ವರ್ಷ ಹಳ್ಳದ ಈ ದಂಡೆಯಿಂದ ಆ ದಂಡೆಗೆ ಗೆರಿಲ್ಲಾ ಯುದ್ಧ ನಡೆಸಿ, ಒಂದು ದಿನ ಕುಳ್ಳು ಹೊರಗೆ ಹಾಕಿ ಶರಣಾದ. ಆ ವರ್ಷವೇ ಊರಿಗೆ ಪ್ರಶಸ್ತಿಪತ್ರ ಬಂತು. ಅದರ ನಕಲಿಗೆ ಜಯಮಾಲಾ ಗಾಜು ಹಾಕಿಸಿ ತನ್ನ ಮನೆಯ ಪಡಸಾಲೆಯಲ್ಲಿ ತೂಗುಹಾಕಿದಳು.

ಕಳೆದ ಶ್ರಾವಣದಲ್ಲಿ ಆಕೆಯ ನೌಕರಿ ಮುಗಿಯಿತು. ಶಾಲು, ತೆಂಗಿನಕಾಯಿ, ಐದು ಗೋಡೆ ಗಡಿಯಾರ. ಮರುದಿನ ಐದು ಗಡಿಯಾರಗಳೂ ಐದು ಹೊಡೆದಾಗ ಆಕೆ ಎದ್ದು, ಸೀಟಿ ಕೊರಳಿಗೆ ಹಾಕಿಕೊಂಡು, ಹಳ್ಳದ ದಂಡೆಗೆ ಹೋದಳು. ಒಂದು ನರಪಿಳ್ಳೆಯೂ ಇರಲಿಲ್ಲ. ಊರೆಲ್ಲ ಒಳಗೆ, ಚಿಲಕ ಹಾಕಿಕೊಂಡು, ಆರಾಮಾಗಿತ್ತು. ಗೆದ್ದ ಸೇನಾಪತಿ ಕಲ್ಲಿನ ಮೇಲೆ ಕೂತು ಒಂದು ಕೊಕ್ಕರೆಯನ್ನು ನೋಡಿ ಮನೆಗೆ ಬಂದಳು. ಹೀಗೆ ಮೂರು ವಾರ. "ಊಟ ಸೇರವಲ್ದು ಅಕೀಗಿ" ಎಂದು ಆಕೆಯ ಗಂಡ ಗುರುಲಿಂಗಪ್ಪ ನಿಂಬೆ ಆರಿಸುತ್ತ ನನ್ನ ಮುಂದೆ ಹೇಳಿದ್ದ.

ಈ ಸುದ್ದಿ ಇಂಡಿಯಲ್ಲಿದ್ದ ಯಾಕೂಬಸಾಬರಿಗೆ ಮುಟ್ಟಿತು. ಆಕೆಯ ದಂಡಯಾತ್ರೆಗಳಲ್ಲೆಲ್ಲ ಜೀಪು ಹೊಡೆದ ಸಾರಥಿ ಅವರು. ಒಂದು ಸೋಮವಾರ ಬೆಳಿಗ್ಗೆ ನಿಂಬೆ ಬುಟ್ಟಿಯಲ್ಲಿ ಒಂದು ನಾಯಿಮರಿ ಇಟ್ಟುಕೊಂಡು ಬಂದರು. "ಇದೂ ಐದಕ್ಕ ಏಳತೈತ್ರಿ ಬಾಯಾರ. ನಿಮಗ ಜೋಡಿ ಆಗ್ತೈತಿ."

ಮರಿಯ ತಾಯಿ ಮುಧೋಳ ತಳಿ, ತಂದೆ ಅಜ್ಞಾತ. ನಾಲ್ಕು ಉದ್ದುದ್ದ ಕಾಲು, ನಾಲ್ಕಕ್ಕೂ ಬೇರೆ ಬೇರೆ ಅಭಿಪ್ರಾಯ. ಜಯಮಾಲಾ ಅದನ್ನು ಎತ್ತಿಕೊಂಡದ್ದೇ ಸರದಾರ ಎಂದು ಹೆಸರಿಟ್ಟಳು. ಅಂದು ಎರಡು ರೊಟ್ಟಿ ಹೆಚ್ಚು ತಿಂದಳು.

ಸರದಾರ ಪಡಸಾಲೆಯನ್ನು ಗಂಭೀರವಾಗಿ ಸರ್ವೇ ಮಾಡಿದ. ಗೋಡೆಯ ಮೇಲಿನ ಪ್ರಶಸ್ತಿಪತ್ರದ ಕೆಳಗೆ ನಿಂತ. ಮೂಸಿದ. ಮೂರು ಸುತ್ತು ತಿರುಗಿದ. ಬಯಲು ಶೌಚದಿಂದ ಮುಕ್ತವಾದ ಗ್ರಾಮವೆಂದು ಸರಕಾರವೇ ಬರೆದುಕೊಟ್ಟ ಆ ಕಾಗದದ ನೆಟ್ಟ ನೇರ ಕೆಳಗೆ ಕೂತು, ಎರಡೂ ಮುಗಿಸಿದ.

ಪಡಸಾಲೆಯ ಹೊರಸಿನ ಮೇಲೆ ಜಯಮಾಲಾಳ ಅತ್ತೆ ಸುಮಿತ್ರಾಬಾಯಿ ಕೂತಿದ್ದಳು. ವಯಸ್ಸು ಎಂಬತ್ತೊಂದು, ಕಣ್ಣು ಹದ್ದಿನದು. ಸೊಸೆ ನಸುಕಿನಲ್ಲಿ ಗಂಡಸರ ಹಿಂದೆ ಸೀಟಿ ಊದುತ್ತ ತಿರುಗುವುದನ್ನು ಇಪ್ಪತ್ತೆರಡು ವರ್ಷ ಹಲ್ಲು ಕಚ್ಚಿ ಸಹಿಸಿದವಳು. ಆ ಹಲ್ಲುಗಳು ಬಿದ್ದುಹೋಗಿ ಈಗ ಸಹಿಸುವುದಕ್ಕೆ ಏನೂ ಉಳಿದಿರಲಿಲ್ಲ.

"ಏನ ಜಯಾ," ಎಂದಳು, "ಊರ ಮಂದೀನೆಲ್ಲಾ ಹೊರಗಿಂದ ಒಳಗ ಹಾಕೀದಿ. ಈ ಬೊಗಸಿಯಷ್ಟ ನಾಯೀನ ಒಳಗಿಂದ ಹೊರಗ ಹಾಕಾಕ ನಿನಗ ಆಗೂದಿಲ್ಲೇನು?"

"ಆಗ್ತೈತ್ರಿ ಅತ್ತೀ. ಸಣ್ಣದೈತಿ, ಕಲೀತೈತಿ."

"ಕಲೀಲಿ. ಇವತ್ತ ಸೋಮವಾರ. ಮುಂದಿನ ಸೋಮವಾರ ಶ್ರೀಶೈಲ ಬರ್ತಾನ. ಅಷ್ಟರಾಗ ಕಲಿತ್ರ ಇಲ್ಲಿ. ಇಲ್ಲಂದ್ರ ಅವನ ಕೂಡ ಧಾಬಾಕ್ಕ."

ಶ್ರೀಶೈಲ ಸುಮಿತ್ರಾಬಾಯಿಯ ತಮ್ಮನ ಮಗ. ಝಳಕಿಯ ಹೆದ್ದಾರಿಯ ಮೇಲೆ ಧಾಬಾ ಇಟ್ಟವನು. ಅಲ್ಲಿ ಹಗಲೂ ರಾತ್ರಿ ಸೋಲಾಪುರದ ಲಾರಿಗಳು. ಅವನು ಇದುವರೆಗೆ ಸಾಕಿದ ಮೂರು ನಾಯಿಗಳಲ್ಲಿ ಒಂದೂ ಎರಡನೆಯ ಮಳೆಗಾಲ ನೋಡಿರಲಿಲ್ಲ. ಜಯಮಾಲಾಳಿಗೆ ಅದು ಗೊತ್ತಿತ್ತು. ಮಡಿಲಲ್ಲಿದ್ದ ಸರದಾರ ಮಾತ್ರ ಆಕೆಯ ಸೆರಗು ಅಗಿಯುತ್ತಿದ್ದ.

ಯುದ್ಧ ಘೋಷಣೆಯಾಯಿತು! ಜಯಮಾಲಾ ಹಳೆಯ ರಜಿಸ್ಟರಿನ ಹಿಂಬದಿಯಲ್ಲಿ ವೇಳಾಪಟ್ಟಿ ಬರೆದಳು. ಎದ್ದ ಕೂಡಲೇ ಹೊರಗೆ, ತಿಂದ ಕೂಡಲೇ ಹೊರಗೆ, ಆಡಿದ ಕೂಡಲೇ ಹೊರಗೆ. ಹಿತ್ತಲಿನ ಮೂರನೆಯ ನಿಂಬೆ ಗಿಡದ ಬುಡ ರಣರಂಗವೆಂದು ನಿಶ್ಚಯವಾಯಿತು. ಕೆಲಸ ಮುಗಿಸಿದರೆ ಹಾಲಿನಲ್ಲಿ ಅದ್ದಿದ ರೊಟ್ಟಿಯ ಚೂರು ಬಹುಮಾನ. ಬೈಯುವಂತಿಲ್ಲ, ಹೊಡೆಯುವಂತಿಲ್ಲ. ಎಲ್ಲ ಶಾಸ್ತ್ರೋಕ್ತ.

ಮಂಗಳವಾರ ಬೆಳಿಗ್ಗೆ ಐದಕ್ಕೆ ಸರದಾರನನ್ನು ಗಿಡದ ಬುಡದಲ್ಲಿ ಇಳಿಸಿದಳು. ಮೂಸಿದ, ಮೂರು ಸುತ್ತು ತಿರುಗಿದ, ಕೂತ. ಆಮೇಲೆ ಏನಾಯಿತೋ, ಬಾಣದಂತೆ ಎದ್ದು, ಬಾಗಿಲು ಹಾರಿ, ಪಡಸಾಲೆ ದಾಟಿ, ಸುಮಿತ್ರಾಬಾಯಿಯ ಹೊರಸಿನ ಕೆಳಗೆ ನುಸುಳಿ, ಅಲ್ಲಿ ಮುಗಿಸಿದ. ಮಧ್ಯಾಹ್ನವೂ ಹಾಗೆಯೇ. ಬುಧವಾರ ಐದು ಸಲ, ಗುರುವಾರ ಆರು ಸಲ. ಹೊರಗೆ ಕೂರುವುದು, ಒಳಗೆ ಓಡುವುದು.

ಊರಿಗೆ ಹಬ್ಬ! ಮೂರನೆಯ ದಿನದ ಹೊತ್ತಿಗೆ ಹಿತ್ತಲ ಗೋಡೆಯ ಮೇಲೆ ಗೋಣಿಚೀಲ ಹಾಸಿಕೊಂಡು ಜನ ಕೂತಿದ್ದರು. ಆ ಮುಖಗಳಲ್ಲಿ ಇಪ್ಪತ್ತೆರಡು ವರ್ಷದ ಬಾಕಿ ಹೊಳೆಯುತ್ತಿತ್ತು. ಸರದಾರ ಒಳಗೆ ಓಡಿದ ತಕ್ಷಣ ಗೋಡೆಗೆ ಗೋಡೆಯೇ ಬಹಳ ಮೆತ್ತಗೆ ಕೇಳುತ್ತಿತ್ತು: "ಏನ್ರಿ ಬಾಯಾರ, ಆರಾಮಾ?" ಗುರುವಾರ ಸಂಜೆ ಯಾರೋ ಪುಣ್ಯಾತ್ಮರು ಗೇಟಿಗೆ ಚೆಂಡು ಹೂವಿನ ಮಾಲೆ ಹಾಕಿ ಹೋಗಿದ್ದರು. ನಾನಲ್ಲ. ಹೂವು ಮಾತ್ರ ನಮ್ಮ ಹಿತ್ತಲಿನದು.

ಶುಕ್ರವಾರ ನಸುಕಿನಲ್ಲಿ ಗೋಡೆಯ ಮೇಲೆ ಮಲ್ಲಣ್ಣ ಒಬ್ಬನೇ ಇದ್ದ. ಸರದಾರ ಕೂತ, ಎದ್ದ, ಓಡಿದ. ಮಲ್ಲಣ್ಣ ನಗಲಿಲ್ಲ. ಅಳತೆ ತಪ್ಪಿದ ಅಂಗಿಯನ್ನು ನೋಡುವ ಟೇಲರನ ಹಾಗೆ ಕಣ್ಣು ಕಿರಿದು ಮಾಡಿದ.

"ಬಾಯಾರ, ಸೀಟಿ ಯಾಕ ಊದಿದ್ರಿ?"

ಜಯಮಾಲಾ ಸಿಟ್ಟಿನಿಂದ ಉತ್ತರಿಸಿದಳು. ಉತ್ತರ ಹೀಗೆ ಕೇಳಿಸಿತು: "ಪೀಂ ಪೀಂ ಪೀಽಽ!"

ನಾನೆಲ್ಲಿ ಊದೇನಿ ಎಂಬುದು ಆಕೆಯ ಮಾತು. ಅದನ್ನು ಹೇಳುವುದಕ್ಕೆ ಸೀಟಿಯನ್ನು ಬಾಯಿಂದ ತೆಗೆಯಬೇಕಾಗಿತ್ತು.

ಆಕೆ ಕೈಯಲ್ಲಿದ್ದ ಸೀಟಿಯನ್ನು ನೋಡಿದಳು. ಇಪ್ಪತ್ತೆರಡು ವರ್ಷ, ಬಯಲಲ್ಲಿ ಒಂದು ಪ್ರಾಣಿ ಕೂತದ್ದು ಕಣ್ಣಿಗೆ ಬಿದ್ದರೆ ಕೈ ತಾನೇ ಎದೆಗೆ ಹೋಗುತ್ತಿತ್ತು, ಉಸಿರು ತಾನೇ ಹೊರಡುತ್ತಿತ್ತು. ನಾಲ್ಕು ದಿನದಿಂದ ಊದುತ್ತಲೇ ಇದ್ದಳು, ಗೊತ್ತೇ ಇರಲಿಲ್ಲ. ಊರಿಗೂ ಅದು ವಿಚಿತ್ರವೆನಿಸಿರಲಿಲ್ಲ. ನಸುಕಿನಲ್ಲಿ ಆಕೆಯ ಸೀಟಿ ನಮಗೆ ಕೋಳಿ ಕೂಗಿದಷ್ಟೇ ಸಹಜ. ಗೋಡೆಯ ಮೇಲಿನವರು ಅದೂ ತರಬೇತಿಯ ಭಾಗವೆಂದೇ ತಿಳಿದಿದ್ದರು.

"ಅದರದೇನೂ ತಪ್ಪಿಲ್ರಿ," ಎಂದ ಮಲ್ಲಣ್ಣ. "ಆ ಸೀಟಿ ಕೇಳಿದ್ರ ಹೊಟ್ಟ್ಯಾಗ ಏನಾಗ್ತೈತಿ ಅಂತ ಈ ಊರಾಗ ನನಗಿಂತ ಹೆಚ್ಚ ಯಾರಿಗೆ ಗೊತ್ತೈತಿ? ಹೊಂಟದ್ದು ಹಂಗ ನಿಂತ ಬಿಡ್ತೈತ್ರಿ. ಮನಿ ಮುಟ್ಟೂ ತನಕ ಬಾಗಲ ತೆರ್ಯಾಂಗಿಲ್ಲ. ಅದು ನಿಮ್ಮ ಮಾತ ಕೇಳೇ ಒಳಗ ಓಡಾಕತ್ತೈತಿ. ನಾ ಕಲ್ಯಾಕ ಒಂಬತ್ತ ವರ್ಷ ತಗೊಂಡೆ. ಅದು ಒಂದ ದಿನದಾಗ ಕಲ್ತೈತಿ. ಭಾಳ ಶ್ಯಾಣೇ ಐತ್ರಿ ನಿಮ್ಮ ಸರದಾರ!"

ಜಯಮಾಲಾ ಆಗಲೇ ಒಳಗೆ ಹೋಗಿ ಸೀಟಿಯನ್ನು ಕೊರಳಿಂದ ತೆಗೆದು ಅತ್ತೆಯ ಕೈಗೆ ಕೊಟ್ಟಳು. "ಅದು ಒಳಗ ಕೂತ್ರ ನೀವು ಊದ್ರಿ. ಹೊರಗ ನಾ ಸುಮ್ಮನಿರ್ತೇನಿ." ಸುಮಿತ್ರಾಬಾಯಿ ಸೀಟಿಯನ್ನು ಸೆರಗಿನಿಂದ ಏಳು ಸಲ ಒರೆಸಿ, ಹೇಸಿಕೆಯ ಮುಖ ಮಾಡಿ, ಮೊದಲ ಸಲ ಊದಿದಳು. ಗುರುಲಿಂಗಪ್ಪ ಎದ್ದು ನಿಂತು ಧೋತರ ಸರಿಪಡಿಸಿಕೊಂಡ. ಮುದುಕಿಯ ಕಣ್ಣು ಮಿಂಚಿತು.

ಶನಿವಾರ ಹೊಸ ವ್ಯವಸ್ಥೆ ಜಾರಿಗೆ ಬಂತು. ಸರದಾರ ಹೊರಸಿನ ಕೆಳಗೆ ಕೂತ, ಅಜ್ಜಿ ಊದಿದಳು, ಹೊರಗೆ ಓಡಿದ. ಭಲೇ! ನಿಂಬೆ ಗಿಡದ ಬುಡದಲ್ಲಿ ಕೂತ. ಜಯಮಾಲಾಳ ಕೈ ಎದೆಗೆ ಹೋಯಿತು. ಸೀಟಿ ಇಲ್ಲ. ಆ ಕೈ ಸುಮ್ಮನಿರಬೇಕೇ? ಎರಡು ಬೆರಳು ಬಾಯಿಗೆ ಹೋದವು, ಸಿಳ್ಳು ಹೊರಟಿತು. ಸರದಾರ ಒಳಗೆ ಓಡಿದ, ಅಜ್ಜಿ ಊದಿದಳು, ಹೊರಗೆ ಓಡಿದ. ಎರಡು ಸೀಟಿಗಳ ನಡುವೆ ಆ ಬಡಜೀವ ಏಳು ಸಲ ಒಳಗೂ ಹೊರಗೂ ಹಾರಿ, ಕೊನೆಗೆ ಒಳಗೂ ಅಲ್ಲದ ಹೊರಗೂ ಅಲ್ಲದ ಜಾಗ ಹುಡುಕಿ ಮುಗಿಸಿತು. ಹೊಸ್ತಿಲ ಮೇಲೆ. ಅಂದು ಬೆಳಿಗ್ಗೆ ತಾನೇ ಅರಿಶಿನ ಹಚ್ಚಿದ ಹೊಸ್ತಿಲು.

"ಮುಗೀತು," ಎಂದಳು ಸುಮಿತ್ರಾಬಾಯಿ. "ಶ್ರೀಶೈಲಗ ಫೋನ್ ಹಚ್ಚು. ಬರುವಾಗ ಹಗ್ಗ ತರಂತ ಹೇಳು."

ಸಂಜೆ ಮಲ್ಲಣ್ಣ ಒಂದು ಉಪಾಯ ತಂದ. "ಎರಡೂ ಕೈ ತುಂಬಿರಬೇಕ್ರಿ. ಬಾಯೂ ತುಂಬಿರಬೇಕು. ಕೈಯಾಗ ಒಂದೊಂದು ತುಂಬಿದ ತಂಬಗಿ ಹಿಡೀರಿ. ಬಾಯಾಗ ಬೇವಿನ ಕಡ್ಡಿ ಕಚ್ಚರಿ. ಆಮ್ಯಾಲ ಹ್ಯಾಂಗ ಊದ್ತೀರಿ ನೋಡೂಣು."

ಜಯಮಾಲಾಳ ಮುಖ ಕೆಂಪಾಯಿತು. "ಮಲ್ಲಣ್ಣಾ! ನಾನು? ಬೆಳಗಿನ ಐದಕ್ಕ? ತಂಬಗಿ ಹಿಡಕೊಂಡು ಬೈಲಾಗ ನಿಂದರ್ಲೇನು?"

"ನಾವು ಅಂಥಾ ಕೆಟ್ಟೇನ ಕಾಣ್ತಿದ್ದಿಲ್ರಿ," ಎಂದ ಮಲ್ಲಣ್ಣ, ಸ್ವಲ್ಪ ನೊಂದುಕೊಂಡು.

"ಸತ್ರೂ ನಿಂದ್ರಾಂಗಿಲ್ಲ!"

ಭಾನುವಾರ ಮಧ್ಯಾಹ್ನ ಶ್ರೀಶೈಲ ತಿರುಗಿ ಫೋನು ಮಾಡಿದ. ನಾಳೆ ಒಂಬತ್ತಕ್ಕೆ ಬರುವೆನೆಂದ. ಅವನ ಮಾತಿನ ಹಿಂದೆ ಒಂದಾದ ಮೇಲೆ ಒಂದು ಲಾರಿ ಹಾರ್ನ್ ಹೊಡೆಯುತ್ತ ಹೋದವು. ಫೋನಿನೊಳಗಿನ ಆ ಸದ್ದಿಗೆ ಸರದಾರ ಬೆದರಿ ಜಯಮಾಲಾಳ ಕಾಲ ಸಂದಿಯಲ್ಲಿ ತಲೆ ತೂರಿಸಿದ. ಆಕೆ ಫೋನಿಟ್ಟು ಅಡುಗೆ ಮನೆಗೆ ಹೋಗಿ, ಹುಣಸೆಹಣ್ಣು ಹಚ್ಚಿ ಎರಡು ಹಿತ್ತಾಳೆ ತಂಬಿಗೆ ಬೆಳಗತೊಡಗಿದಳು. ಮಾಡುವುದಾದರೆ ಅಚ್ಚುಕಟ್ಟಾಗಿ ಮಾಡುವವಳು.

ಸೋಮವಾರ ಬೆಳಗಿನ ಐದು. ಗೋಡೆಯ ಮೇಲೆ ಜಾಗವಿಲ್ಲದೆ ಜನ ಬೇವಿನ ಮರವನ್ನೂ ಹತ್ತಿದ್ದರು. ಹಿತ್ತಲ ಬಾಗಿಲು ತೆರೆಯಿತು. ಜಯಮಾಲಾಬಾಯಿ ಹೊರಬಂದಳು. ಬಾಯಲ್ಲಿ ಬೇವಿನ ಕಡ್ಡಿ, ಎಡಗೈಯಲ್ಲಿ ತಂಬಿಗೆ, ಬಲಗೈಯಲ್ಲಿ ತಂಬಿಗೆ. ಇಪ್ಪತ್ತೆರಡು ವರ್ಷ ಯಾವ ಚಿತ್ರವನ್ನು ಭೂಮಿಯ ಮೇಲಿಂದ ಅಳಿಸಲು ಹೋರಾಡಿದ್ದಳೋ ಆ ಚಿತ್ರವೇ, ಒಂದಕ್ಕೆರಡಾಗಿ, ತೊಳೆದು ಬೆಳಗಿಸಿಕೊಂಡು ನಡೆದು ಬರುತ್ತಿತ್ತು. ಏನ್ರಿ ಆರಾಮಾ ಎನ್ನಲು ಇಡೀ ಊರು ಬಾಯಿ ತೆರೆಯಿತು. ಮಲ್ಲಣ್ಣ ತುಟಿಯ ಮೇಲೆ ಬೆರಳಿಟ್ಟು ಎಲ್ಲರ ಕಡೆ ಒಮ್ಮೆ ನೋಡಿದ. ಇಡೀ ಊರು ಬಾಯಿ ಮುಚ್ಚಿತು.

ಸರದಾರ ಗಿಡದ ಬುಡ ಮೂಸಿದ. ಒಂದು ಸುತ್ತು. ಎರಡು. ಮೂರು. ಕೂತ.

ಜಯಮಾಲಾಳ ಬಲಗೈ ಮೇಲೇರಿತು. ತಂಬಿಗೆಯ ನೀರು ತುಳುಕಿ ಆಕೆಯ ಸೀರೆಯ ಮೇಲೆ ಬಿತ್ತು. ಎಡಗೈ ಏರಿತು, ಆ ನೀರೂ ಬಿತ್ತು. ಗಲ್ಲಗಳು ಉಬ್ಬಿದವು; ಕಟಕ್ಕನೆ ಬೇವಿನ ಕಡ್ಡಿ ಎರಡು ತುಂಡಾಯಿತು; ಸದ್ದು ಮಾತ್ರ ಹೊರಡಲಿಲ್ಲ. ಸರದಾರ ತಲೆಯೆತ್ತಿ ಆಕೆಯನ್ನು ನೋಡಿದ. ಇನ್ನೇನು ಸೀಟಿ ಬಂತು ಎಂದು ಕಾದ. ಬರಲಿಲ್ಲ. ಗೋಡೆ ಉಸಿರಾಡಲಿಲ್ಲ, ಮರ ಉಸಿರಾಡಲಿಲ್ಲ. ನಮ್ಮ ಊರಿನ ಇತಿಹಾಸದಲ್ಲಿ ಮೊಟ್ಟಮೊದಲ ಬಾರಿಗೆ, ಜಯಮಾಲಾಬಾಯಿಯ ಕಣ್ಣೆದುರಿಗೆ, ಬಯಲಲ್ಲಿ, ಒಂದು ಜೀವ ನೆಮ್ಮದಿಯಾಗಿ ಕೆಲಸ ಮುಗಿಸಿ ಎದ್ದಿತು.

ಮೊದಲ ಚಪ್ಪಾಳೆ ಮಲ್ಲಣ್ಣನದು. ಅವನ ಕಣ್ಣು ತುಂಬಿತ್ತು. ಒಂಬತ್ತು ವರ್ಷ ತನಗೆ ದಕ್ಕದ್ದು ಇನ್ನೊಬ್ಬನಿಗಾದರೂ ದಕ್ಕಿತಲ್ಲ ಎಂಬ ತೃಪ್ತಿಯಿರಬೇಕು. ಜಯಮಾಲಾ ತಂಬಿಗೆ ಎಸೆದು, ಸರದಾರನನ್ನು ಬಾಚಿ ಎತ್ತಿ, ರೊಟ್ಟಿ ತಿನ್ನಿಸುತ್ತ ಏನೇನೋ ಹೇಳಿದಳು. ಬಾಯಲ್ಲಿನ್ನೂ ಅರ್ಧ ಬೇವಿನ ಕಡ್ಡಿ ಇದ್ದದ್ದರಿಂದ ಅದು ನಾಯಿಗಷ್ಟೇ ಅರ್ಥವಾಯಿತು.

ಒಂಬತ್ತಕ್ಕೆ ಶ್ರೀಶೈಲ ಮೋಟರ್‌ಸೈಕಲ್ ನಿಲ್ಲಿಸಿ, ಹೆಗಲಿಗೆ ಹಗ್ಗದ ಸಿಂಬಿ ಹಾಕಿಕೊಂಡು, ಚಪ್ಪಲಿ ಮೆಟ್ಟಿದ್ದ ಹಾಗೆಯೇ ಸರಸರ ಪಡಸಾಲೆಗೆ ಬಂದ. "ಎಲ್ಲೈತ್ರಿ ಅತ್ತಿ ನಾಯಿ?"

ಸರದಾರ ಆಗಷ್ಟೇ ಹಾಲು ಕುಡಿದು ಮುಗಿಸಿದ್ದ. ಶ್ರೀಶೈಲನನ್ನು ನೋಡಿದ, ಪ್ರಶಸ್ತಿಪತ್ರವನ್ನು ನೋಡಿದ, ಮೂಸಿದ. ಸುಮಿತ್ರಾಬಾಯಿಯ ಕೈ ಸೀಟಿಗೆ ಹೋಯಿತು. ಸರದಾರ ತಿರುಗಿ, ಹೊಸ್ತಿಲು ದಾಟಿ, ಯಾರೂ ಹೇಳದೆ, ಯಾರೂ ಎತ್ತದೆ, ನೆಟ್ಟಗೆ ನಿಂಬೆ ಗಿಡದ ಬುಡಕ್ಕೆ ಹೋಗಿ ಕೂತ.

ಬಾಯಿಗೆ ಬಂದ ಸೀಟಿಯನ್ನು ಸುಮ್ಮನೆ ಇಳಿಸುವ ಜಾತಿಯಲ್ಲ ಮುದುಕಿ. ಪೀಽಽ ಎಂದು ಶ್ರೀಶೈಲನ ಕಡೆ ಊದಿದಳು.

"ಚಪ್ಪಲಿ ಹೊರಗ ಬಿಡೋ! ಬಂದು ಎಂಟ ದಿನಾದ ಮರಿಗಿರೂ ಬುದ್ಧಿ ನಿನಗಿಲ್ಲ. ಹಗ್ಗ ಇಲ್ಲೇ ಇಟ್ಟ ಹೋಗು, ಅರಬಿ ಒಣಾಕಾಕ ಬೇಕು."

ಹಗ್ಗ ಈಗ ಹಿತ್ತಲಲ್ಲಿದೆ. ಅದರ ಮೇಲೆ ಜಯಮಾಲಾಳ ಸೀರೆ ಒಣಗುತ್ತದೆ, ಅದರ ಸೆರಗಿಗೆ ಸರದಾರ ನೇತಾಡುತ್ತಾನೆ. ಬೆಳಗಿನ ಐದಕ್ಕೆ ಆಕೆ ಹೊರಗೆ ಹಾಜರು. ಕೈ ಇನ್ನೂ ನಂಬಿಕೆಗೆ ಅರ್ಹವಲ್ಲವಾದ್ದರಿಂದ ಎರಡು ತಂಬಿಗೆ ಹಿಡಿದೇ ನಿಲ್ಲುತ್ತಾಳೆ. ಮುಗಿದ ಮೇಲೆ ನೀರನ್ನು ಗಿಡಕ್ಕೆ ಸುರಿಯುತ್ತಾಳೆ, ಮೂರನೆಯ ಗಿಡ ಉಳಿದವುಗಳಿಗಿಂತ ಎತ್ತರವಾಗಿದೆ. ಸೀಟಿಯನ್ನು ಮಾತ್ರ ಅತ್ತೆ ತಿರುಗಿ ಕೊಟ್ಟಿಲ್ಲ. ಎರಡು ಸಲ ಕೇಳಿದಾಗ ಎರಡು ಸಲವೂ ಉತ್ತರವಾಗಿ ಊದಿದಳಂತೆ. ಆಗೆಲ್ಲ ನಾವು ನಮ್ಮ ನಮ್ಮ ಮನೆಗಳಲ್ಲಿ ಎದ್ದು ನಿಂತಿದ್ದೇವೆ.