ಏಳನೇ ಹಾಳೆಯ ಮೇಲಿನ ಎರಡು ಸಾಲು

೨೦೦೩ರಲ್ಲಿ ನಾನು ಪುಣೆಯ ಒಂದು ಸಣ್ಣ ಕಂಪನಿಯಲ್ಲಿ ಸ್ಟ್ಯಾಟಿಸ್ಟಿಕಲ್ ಪ್ರೋಗ್ರಾಮರ್ ಆಗಿದ್ದೆ. ಹೊಸ ಔಷಧಿಗಳ ಪ್ರಯೋಗ ನಡೆಯುವ ಕ್ಲಿನಿಕ್ಕುಗಳಿಂದ ಬಂದ ಮಾಹಿತಿಯನ್ನು ಸಾಲು, ಕಾಲಮ್ಮುಗಳಲ್ಲಿ ಜೋಡಿಸಿ ಪ್ರಿಂಟ್ ತೆಗೆದು ಡಾಕ್ಟರುಗಳಿಗೆ ಕಳಿಸುವುದು ನನ್ನ ಕೆಲಸ. ಇದಕ್ಕೆ ಲಿಸ್ಟಿಂಗ್ ಎನ್ನುತ್ತಿದ್ದೆವು.

ಲಿಸ್ಟಿಂಗ್ ಹೊರಬೀಳುವ ಮುನ್ನ ಓದಿ ಸಹಿ ಮಾಡುವವರು ಇಂದಿರಾಬಾಯಿ. ಬಿಜಾಪುರದವರು. ಪುಣೆಯದೇ ಸದಾಶಿವ ಪೇಠದ ಒಂದು ಪ್ರೆಸ್ಸಿನಲ್ಲಿ ವರ್ಷಗಟ್ಟಲೆ ಪ್ರೂಫ್ ತಿದ್ದಿ, ಅದು ಮುಚ್ಚಿದ ಮೇಲೆ ನಮ್ಮಲ್ಲಿಗೆ ಬಂದಿದ್ದರು. ಕಂಪ್ಯೂಟರ್ ಎಂದರೆ ಅವರಿಗೆ ಅಷ್ಟಕ್ಕಷ್ಟೇ. ಮೊದಲು ಪಿನ್ನು ಕಿತ್ತು, ಒಂದೇ ಹಾಳೆಯನ್ನು ಮುಂದಿಟ್ಟುಕೊಂಡು ಉಳಿದವನ್ನು ಡ್ರಾಯರಿಗೆ ಹಾಕುವರು. ಪ್ರೆಸ್ಸಿನಲ್ಲಿ ಪುಟಗಳು ಹಿಂದುಮುಂದಾಗಿ ಬರುತ್ತಿದ್ದುದರಿಂದ ಬಿದ್ದ ರೂಢಿ ಅದು. ನಾವೆಲ್ಲ ಬೆನ್ನ ಹಿಂದೆ ನಗುತ್ತಿದ್ದೆವು.

ಆ ಸಲದ್ದು ಸಕ್ಕರೆ ಕಾಯಿಲೆಯ ಮಾತ್ರೆಯೊಂದರ ಪ್ರಯೋಗ. ಅದು ಕೆಲವರ ಲಿವರಿಗೆ ಪೆಟ್ಟು ಕೊಡುತ್ತಿದೆಯೇನೋ ಎಂಬ ಅನುಮಾನವಿತ್ತು. ರಕ್ತಪರೀಕ್ಷೆಯಲ್ಲಿ ಲಿವರಿನ ಅಂಕೆ ಏರಿದವರಿಗೆ ಕೂಡಲೇ ಮಾತ್ರೆ ನಿಲ್ಲಿಸಬೇಕು. ಒಬ್ಬೊಬ್ಬ ರೋಗಿಗೂ ನಾಲ್ಕೈದು ಸಾಲು. ಪ್ರತಿ ಸಾಲಿನಲ್ಲೂ ಅದೇ ನಂಬರ್ ಬಂದು ಹಾಳೆ ಗಿಜಿಗಿಜಿ ಎನ್ನುತ್ತಿತ್ತು. ರೋಗಿಯ ಮೊದಲ ಸಾಲಿನಲ್ಲಿ ಮಾತ್ರ ನಂಬರ್ ಉಳಿಸಿ ಮಿಕ್ಕ ಕಡೆ ಖಾಲಿ ಬಿಡುವಂತೆ ಪ್ರೋಗ್ರಾಂ ಬರೆದೆ. ಹಾಳೆ ಎಷ್ಟು ಚೆಂದ ಕಂಡಿತೆಂದರೆ, ನನ್ನ ಬೆನ್ನು ನಾನೇ ತಟ್ಟಿಕೊಂಡೆ. ರೋಗಿಗಳು ಆಗಲೇ ಬಂದು ಕೂತಿದ್ದಾರೆಂದು ಖಡಕಿಯ ಕ್ಲಿನಿಕ್ಕಿನ ಡಾಕ್ಟರು ಅವಸರಿಸಿದರು. ಇಂದಿರಾಬಾಯಿಯವರ ಸಹಿಗೂ ಕಾಯದೆ, ಅಂಕೆ ಏರಿದ ಸಾಲುಗಳಿದ್ದ ಏಳನೇ ಹಾಳೆಯೊಂದನ್ನೇ ಫ್ಯಾಕ್ಸ್ ಮಾಡಿದೆ.

ಅರ್ಧ ಗಂಟೆಯ ನಂತರ ಇಂದಿರಾಬಾಯಿ ಅದೇ ಹಾಳೆಯ ಪ್ರತಿ ಹಿಡಿದು ಬಂದರು.

“ತಮ್ಮಾ, ಅಂಕಿ ಏರಿದ ಈ ಮ್ಯಾಲಿನ ಎರಡು ಸಾಲು ಯಾರವು?”

“ನಲವತ್ತನೇ ನಂಬರಿಂದು ರೀ, ಬಾಯಾರ. ಹಿಂದಿನ ಹಾಳ್ಯಾಗ ನಂಬರ್ ಅದ, ನೋಡ್ರಿ.”

“ಹಿಂದಿನ ಹಾಳಿ ಇಲ್ದವರು ಏನ್ ಮಾಡಬೇಕು? ಕೆಳಗ ನಲವತ್ತೊಂದು ಅಂತ ಅದ. ಇವೂ ಅವಂದೇ ಅಂತ ತಿಳೀತಾರ.”

ಖಡಕಿಗೆ ಹೋಗಿದ್ದು ಆ ಹಾಳೆಯೊಂದೇ ಎಂದು ಆಗ ಹೊಳೆಯಿತು. ಫೋನ್ ಮಾಡಿದರೆ, ಡಾಕ್ಟರು ಹಾಗೆಯೇ ಓದಿದ್ದರು. ನಲವತ್ತೊಂದನೆಯವರಿಗೆ ಮಾತ್ರೆ ನಿಲ್ಲಿಸಿದ್ದರು. ನಿಜವಾಗಿ ನಿಲ್ಲಿಸಬೇಕಾಗಿದ್ದ ನಲವತ್ತನೆಯವರು ಮುಂದಿನ ತಿಂಗಳ ಮಾತ್ರೆಗಳನ್ನು ಚೀಲಕ್ಕೆ ಹಾಕಿಕೊಂಡು, ತಮ್ಮೂರು ದೌಂಡಕ್ಕೆ ಹೋಗುವ ರೈಲು ಹಿಡಿಯಲು ಹೊರಟಿದ್ದರು. ಡಾಕ್ಟರು ಫೋನ್ ಕೈಯಲ್ಲಿರುವಾಗಲೇ ನರ್ಸನ್ನು ಓಡಿಸಿದರು. ನಾನು ಫೋನ್ ಕಿವಿಗೆ ಹಿಡಿದೇ ಕಾದೆ. ಕೊನೆಗೆ ಡಾಕ್ಟರು, “ಸಿಕ್ಕರು, ರಿಕ್ಷಾ ಹತ್ತುತ್ತಿದ್ದರು” ಎಂದಾಗ ಕಣ್ಣಲ್ಲಿ ನೀರು ಬಂತು.

ಬಾಯಿಯವರಿಗೆ ಕೈಮುಗಿದೆ.

“ನನಗ್ಯಾಕ ಕೈಮುಗೀತಿ?” ಎಂದರು. “ಆ ಮನಶ್ಯಾಗ ಮುಗೀಬೇಕು. ಅವನ ಹೆಸರರೆ ಗೊತ್ತದ ಏನು?”

ಗೊತ್ತಿರಲಿಲ್ಲ. ಪ್ರಯೋಗದ ನಿಯಮದಂತೆ ರೋಗಿಗಳ ಹೆಸರು ನಮಗೆ ತಿಳಿಯುವಂತಿರಲಿಲ್ಲ. ಇಂದಿರಾಬಾಯಿ ಎಂಟನೇ ಹಾಳೆ ತೆಗೆದುಕೊಂಡು ಕೂತರು.

ನನ್ನ ಪ್ರೋಗ್ರಾಮಿನ ಒಂದು ಸಾಲನ್ನೂ ಓದದ ಆ ಹೆಂಗಸಿನಿಂದ ಕಲಿತಷ್ಟು ಕೆಲಸವನ್ನು ನಾನು ಇನ್ನಾರಿಂದಲೂ ಕಲಿತಿಲ್ಲ. ಹಾಳೆ ಯಾರ ಕೈಗೆ, ಹೇಗೆ ತಲುಪುತ್ತದೆ ಎಂದು ಅವರು ಯೋಚಿಸುತ್ತಿದ್ದರು. ನಾನು ಅದು ಹೇಗೆ ಕಾಣುತ್ತದೆ ಎಂದಷ್ಟೇ ನೋಡಿದ್ದೆ. ದೌಂಡದ ಆ ಮನುಷ್ಯನಿಗೆ ನಮ್ಮ ಕಾಗದದ ಮೇಲೆ ಇದ್ದದ್ದು ಒಂದು ನಂಬರ್ ಮಾತ್ರ. ಚೆಂದ ಕಾಣಲೆಂದು ನಾನು ಅದನ್ನೇ ಅಳಿಸಿದ್ದೆ.