ಡಿಸ್ಕಿಗೆ ಹಚ್ಚಿದ ವಿಭೂತಿ

ಚೆಂಡುಹೂವಿನ ವಾಸನೆ ಬಂದರೆ ಬೇರೆಯವರಿಗೆ ಹಬ್ಬ ನೆನಪಾಗುತ್ತದೆ, ನನಗೆ ಹಾರ್ಡ್ ಡಿಸ್ಕ್. ನಗಬೇಡಿ. ಇವತ್ತು ಬೆಳಿಗ್ಗೆ ವಿಜಯನಗರದ ಮಾರ್ಕೆಟ್ಟಿನಿಂದ ಒಂದು ಚೀಲ ಹೂವು ತಂದಾಗಲೂ ಹಾಗೇ ಆಯಿತು.

ನಮ್ಮ ಅತ್ತೆಯ ತವರು ದಾವಣಗೆರೆ ಕಡೆ. ಅವರ ಅವ್ವ ಹಾಡುತ್ತಿದ್ದ ಬೀಸುವ ಪದಗಳನ್ನು ಯಾರೋ ಪುಣ್ಯಾತ್ಮರು ಕ್ಯಾಸೆಟ್ಟಿಗೆ ಹಿಡಿದಿದ್ದರು. ಅದನ್ನು ನಾನು ಕಂಪ್ಯೂಟರಿಗೆ ಇಳಿಸಿದೆ. ಆಮೇಲೆ ಕ್ಯಾಸೆಟ್ಟಿನ ರೀಲು ಟೇಪ್ ರೆಕಾರ್ಡರಿನ ಹೊಟ್ಟೆ ಸೇರಿ ಚಿಂದಿಯಾಯಿತು. ಹಾಗಾಗಿ ಆ ಅಜ್ಜಿಯ ದನಿ ಭೂಮಿಯ ಮೇಲೆ ಉಳಿದದ್ದು ಬಸವೇಶ್ವರನಗರದ ನಮ್ಮ ಮನೆಯ ಹಳೇ ಕಂಪ್ಯೂಟರಿನಲ್ಲಿ ಮಾತ್ರ. ಅದೆಷ್ಟು ಹಳೆಯದೆಂದರೆ, ಲಿನಕ್ಸ್ ಎಂಬ ಪುಕ್ಕಟೆ ಆಪರೇಟಿಂಗ್ ಸಿಸ್ಟಮ್ ಬಿಟ್ಟರೆ ಇನ್ಯಾವುದೂ ಅದರೊಳಗೆ ಸಂಸಾರ ಮಾಡಲು ಒಪ್ಪುತ್ತಿರಲಿಲ್ಲ.

ಒಂದು ವರ್ಷ ಆಯುಧಪೂಜೆಯ ಮಾರನೇ ದಿನ ಅತ್ತೆ ಪದ ಹಾಕಿಸಿಕೊಂಡರು. ಅರ್ಧಕ್ಕೇ ನಿಂತಿತು. ಬೇರೆ ಕಡೆ ಕಾಪಿ ಮಾಡಲು ಹೋದರೆ ಬರೀ ಎರರ್. ನಮ್ಮ ಯಜಮಾನರು ಸೋಫಾದಿಂದಲೇ ತೀರ್ಪು ಕೊಟ್ಟರು: "ಡಿಸ್ಕ್ ಹೋಗಿದೆ ಕಣೇ. ಬಿಸಾಕು, ಹೊಸದು ತರೋಣ."

"ಹಾಗಾದ್ರೆ ಅವ್ವನ ದನೀನೂ ಹೋಯ್ತೇನೇ?" ಎಂದರು ಅತ್ತೆ.

ನನಗೆ ಯಜಮಾನರ ಮೇಲೆ ಸಿಟ್ಟು ಬಂತು. ನಾಡಿ ಹಿಡಿಯದೆ ಸಾವು ಸಾರುವ ವೈದ್ಯರನ್ನು ಕಂಡರೆ ನನಗೆ ಮೊದಲಿಂದಲೂ ಆಗದು.

ಲಿನಕ್ಸಿನಲ್ಲಿ ಡಿಸ್ಕಿನ ನಾಡಿ ಹಿಡಿಯಲು smartctl ಎಂಬ ಕಮಾಂಡ್ ಇದೆ. ಡಿಸ್ಕು ತನ್ನ ನೋವು ನಲಿವನ್ನೆಲ್ಲ ತಾನೇ ನೆನಪಿಟ್ಟುಕೊಂಡಿರುತ್ತದೆ, ಕೇಳುವವರು ಬೇಕಷ್ಟೆ. ಕೇಳಿದೆ. ಕಪ್ಪು ಪರದೆಯ ಮೇಲೆ ಸಾಲುಗಳು ಸುರಿದವು. ಮೇಲೆ 'ಪಾಸ್' ಎಂದಿತ್ತು. ಪಾಸಾದವರನ್ನೆಲ್ಲ ನಂಬುವವಳು ನಾನಲ್ಲ, ಕೆಳಗಿನದನ್ನೂ ಓದಿದೆ. ಡಿಸ್ಕಿನಲ್ಲಿ ಕೆಟ್ಟುಹೋದ ಜಾಗ ಸೊನ್ನೆ. ಕೆಡಬಹುದೆಂಬ ಅನುಮಾನದ ಜಾಗವೂ ಸೊನ್ನೆ. ಮಾಹಿತಿ ಕೇಬಲ್ ದಾಟುವಾಗ ಆದ ತಪ್ಪುಗಳು ಮಾತ್ರ ರಾಶಿ ರಾಶಿ. ಮತ್ತೊಮ್ಮೆ ಕೇಳಿದರೆ ಇನ್ನೂ ಏರಿತ್ತು.

"ರೀ, ಡಿಸ್ಕ್ ಗಟ್ಟಿಮುಟ್ಟಾಗಿದೆ, ಕೇಬಲ್ಲೇ ಸರಿ ಇಲ್ಲ!" ಎಂದು ಕೂಗಿ, ಕಂಪ್ಯೂಟರ್ ಆರಿಸಿ, ಡಬ್ಬದ ಪಕ್ಕದ ಮುಚ್ಚಳ ತೆಗೆದೆ. ಡಿಸ್ಕಿನ ಮೇಲೆ ಮೂರು ಬೆರಳಿನ ವಿಭೂತಿ ರಾರಾಜಿಸುತ್ತಿತ್ತು. ನಡುವೆ ಕುಂಕುಮದ ಬೊಟ್ಟು. ಪಕ್ಕದಲ್ಲಿ ಕೇಬಲ್ ಸೊಟ್ಟಗೆ ಜೋತುಬಿದ್ದಿತ್ತು, ಅದರ ಬಾಯಲ್ಲೊಂದು ಚೆಂಡುಹೂವಿನ ಎಸಳು.

"ಅತ್ತೇ! ಇದೇನಿದು?"

"ಹೊರಗಿನ ಡಬ್ಬಕ್ಕೆ ಪೂಜೆ ಮಾಡಿದ್ರೆ ಏನು ಬಂತು? ಅವ್ವ ಇರೋದು ಒಳಗಡೆ ಅಲ್ವೇನೇ?" ಎಂದರು ಅತ್ತೆ, ಒಂದಿಷ್ಟೂ ಅಳುಕದೆ.

ಎಸಳು ತೆಗೆದು ಕೇಬಲ್ಲನ್ನು ಒತ್ತಿ ಕೂರಿಸಿದೆ. ವಿಭೂತಿ ಒರೆಸಲು ಮನಸ್ಸು ಬರಲಿಲ್ಲ. ಮತ್ತೆ ಕಮಾಂಡ್ ಕೊಟ್ಟರೆ ತಪ್ಪುಗಳ ಸಂಖ್ಯೆ ಇದ್ದಲ್ಲೇ ನಿಂತಿತ್ತು. ಪದ ಮೊದಲಿನಿಂದ ಕೊನೆಯವರೆಗೆ ಕೇಳಿಸಿತು. ಅತ್ತೆ ಅತ್ತರು. ನಾನು ವಾರವಿಡೀ ಮೆರೆದೆ, ಯಜಮಾನರ ಕೈಯಲ್ಲೇ ಕಾಫಿ ಮಾಡಿಸಿಕೊಂಡು ಕುಡಿದೆ. ಬೇರೆ ಬೇರೆ ಕಡೆ ಕಾಪಿಯನ್ನೂ ಇಟ್ಟೆ ಅನ್ನಿ.

ಅತ್ತೆಗೆ ಅದೂ ಸಾಲಲಿಲ್ಲ. ಬೀದಿಯ ಹೆಂಗಸರನ್ನು ಕೂಡಿಸಿ ಪದ ಕಲಿಸತೊಡಗಿದರು. ಇವತ್ತೂ ಎಲ್ಲರೂ ನಮ್ಮ ನಡುಮನೆಯಲ್ಲಿ ಸೇರಿದ್ದರು. ಕಂಪ್ಯೂಟರಿನಲ್ಲಿ ಅಜ್ಜಿ ಮುಂದೆ ಹಾಡಿದರೆ, ಇವರು ಹಿಂದೆ. ನಡುವೆ ಕರೆಂಟ್ ಹೋಯಿತು. ಪರದೆ ಕಪ್ಪಾಯಿತು. ನಾನು ಗಾಬರಿಯಿಂದ ಎದ್ದು ನಿಂತೆ.

ಹಾಡು ನಿಲ್ಲಲಿಲ್ಲ.